ಚಂದ್ರಿಕೆಯ ಬೆನ್ನಿಗೆ ಒಣಹಾಕಿದ ಪಟ್ಟಿ

ಡ್ರಿಲ್ ಟೀಚರ್ ಆಗುವುದಕ್ಕೆ ನನಗೆ ಬೆಂಗಳೂರಿನಲ್ಲಿ ಒಂದು ವರ್ಷ ತರಬೇತಿ ಕೊಟ್ಟರು. ಡಂಬೆಲ್ ಹಿಡಿಸುವುದು, ಲೇಜಿಂ ಆಡಿಸುವುದು, ಖೋ ಖೋ ಅಂಕಣಕ್ಕೆ ಸುಣ್ಣ ಎಳೆಯುವುದು, ಉಳುಕಿದ ಕಾಲಿಗೆ ಬಟ್ಟೆ ಕಟ್ಟುವುದು, ಎಲ್ಲವನ್ನೂ ಕಲಿಸಿದರು. ಹೆಣ್ಣುಮಕ್ಕಳು ತಿಂಗಳಿಗೆ ಮೂರು ದಿನ ಮುಟ್ಟಾಗುತ್ತಾರೆ, ಆ ಮೂರು ದಿನ ಅವರನ್ನು ಮೈದಾನದಲ್ಲಿ ಏನು ಮಾಡಬೇಕು ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ. ಹೇಳಿಕೊಡುತ್ತಿದ್ದವರು ಗಂಡಸರು. ಕಲಿಯುತ್ತಿದ್ದ ನಾವು ಏಳು ಜನ ಹೆಂಗಸರು ಕೇಳಲೂ ಇಲ್ಲ. ಆ ದಿನ ಬಂದಾಗ "ತಲೆನೋವು ಸಾರ್" ಎಂದು ಗೋಡೆ ಪಕ್ಕ ಕೂರುತ್ತಿದ್ದೆವು. ವರ್ಷವಿಡೀ ಏಳು ಹೆಂಗಸರಿಗೆ ಅಷ್ಟೊಂದು ತಲೆನೋವು ಯಾಕೆ ಬರುತ್ತದೆ ಎಂದು ನಮ್ಮ ಮೇಷ್ಟ್ರು ಒಂದು ಸಲವೂ ವಿಚಾರಿಸಲಿಲ್ಲ.

ಈಗ ಈ ಕೆಲಸಕ್ಕೆ ಸೇರುತ್ತಿರುವ ಹುಡುಗಿಯರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಸಂಬಳ ಏರಿತು, ಯಾವ ದೊರೆಯ ಕೈಯಿಂದ ಶಾಲು ಸಿಕ್ಕಿತು ಎಂಬುದನ್ನು ತಿಳಿದು ನಿಮಗೆ ಏನೂ ಆಗಬೇಕಾಗಿಲ್ಲ. ಗೆದ್ದ ಬಟ್ಟಲುಗಳ ಕಥೆ ಹೇಳೋಣವೆಂದರೆ ಅಂಥವು ಹೆಚ್ಚಿಲ್ಲ. ಕೋಲಾರ ಸೀಮೆಯ ನಾಲ್ಕು ಊರುಗಳಲ್ಲಿ ನಾನು ಪೀಪಿ ಊದಿದ್ದೇನೆ. ಮಕ್ಕಳು ನನ್ನನ್ನು ಕರೆಯುತ್ತಿದ್ದುದೇ ಪೀಪಿ ಅಮ್ಮೋರು ಎಂದು. ಅಷ್ಟು ವರ್ಷ ಊದಿದ ಪೀಪಿಯಲ್ಲಿ ಒಂದು ಹುಡುಗಿಯ ವಿಷಯ ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡು ಕೂತಿದೆ. ಅದನ್ನು ಹೇಳಬೇಕಾದರೆ ಮಾಲೂರಿನಿಂದ ಶುರು ಮಾಡಬೇಕು.

ಮಾಲೂರಿನ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನ ಹಿಂದೆ ಒಂದು ಬಯಲು, ಬಯಲಿನ ಅಂಚಿಗೆ ಒಂದು ಹುಣಸೆಮರ. ಡ್ರಿಲ್ ಗಂಟೆ ಹೊಡೆದ ಕೂಡಲೇ ಇಬ್ಬರೋ ಮೂವರೋ ಹುಡುಗಿಯರು ನನ್ನನ್ನು ಕೇಳದೆ ನೇರವಾಗಿ ಹೋಗಿ ಆ ಮರದ ಕೆಳಗೆ ಕೂರುತ್ತಿದ್ದರು. ಇವತ್ತು ಕೂತವರು ಮೂರು ದಿನ ಕಳೆದ ಮೇಲೆ ಎದ್ದು ಬರುವರು, ಬೇರೆಯವರು ಹೋಗಿ ಕೂರುವರು. ನಾನು ಹೊಸಬಳು, ಇಸ್ತ್ರಿ ಮಾಡಿದ ಸೀರೆ, ಕತ್ತಿನಲ್ಲಿ ಹೊಳೆಯುವ ಪೀಪಿ. ಮೈಗಳ್ಳರು ಎಂದುಕೊಂಡೆ. ಬೆಂಗಳೂರಿನಲ್ಲಿ ನಾನೇ ಹೇಳಿದ್ದ ತಲೆನೋವನ್ನು ಮಾಲೂರಿನ ರೈಲಿಗೆ ಹತ್ತುವಾಗ ಮರೆತುಬಿಟ್ಟಿದ್ದೆ.

ಲಕ್ಕೂರಿನಿಂದ ಬಂದು ಚಿಕ್ಕಮ್ಮನ ಮನೆಯಲ್ಲಿ ಇದ್ದ ಪುಟ್ಟಕ್ಕ ಎಂಬ ಹುಡುಗಿಯನ್ನು ಒಂದು ದಿನ ಕೈ ಹಿಡಿದು ಎಬ್ಬಿಸಿಕೊಂಡು ಬಂದು ಖೋ ಖೋ ಸಾಲಿನಲ್ಲಿ ಕುಕ್ಕುರುಗಾಲಲ್ಲಿ ಕೂರಿಸಿದೆ. ಆಟ ಶುರುವಾಯಿತು. ಓಡಿ ಬಂದ ಹುಡುಗಿ ಅವಳ ಬೆನ್ನಿಗೆ ತಟ್ಟಿ "ಖೋ" ಅಂದಳು. ಪುಟ್ಟಕ್ಕ ಏಳಲಿಲ್ಲ. ಮತ್ತೆ ತಟ್ಟಿದರೂ ಏಳಲಿಲ್ಲ. ನಾನು ಪೀಪಿ ಊದಿ ಬೈದೆ. ತಲೆ ಬಗ್ಗಿಸಿ ಲಂಗದ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂತೇ ಇದ್ದಳು. ಗಂಟೆ ಹೊಡೆಯಿತು, ಎಲ್ಲರೂ ಹೋದರು, ಅವಳು ಮಾತ್ರ ಬಯಲಿನ ನಡುವೆ ಹಾಗೇ ಕೂತಿದ್ದಳು. ಹತ್ತಿರ ಹೋದಾಗ ಹೇಳಿದಳು, "ಎದ್ರೆ ಬಿದ್ದೋಗ್ತದೆ ಅಮ್ಮೋರೇ." ಮಡಚಿ ಇಟ್ಟುಕೊಂಡ ಬಟ್ಟೆ ಜಾರಿತ್ತು. ಎಲ್ಲರೂ ಹೋಗಲಿ ಎಂದು ಅವಳು ಮುಕ್ಕಾಲು ಗಂಟೆ ಕುಕ್ಕುರುಗಾಲಲ್ಲಿ ಕಾದಿದ್ದಳು. ನನ್ನ ಸೆರಗನ್ನು ಅವಳ ಸುತ್ತ ಹೊದಿಸಿ ಕರೆದುಕೊಂಡು ಹೋದೆ. ಹೆಂಗಸಾಗಿ ಹುಟ್ಟಿಯೂ ನನಗೆ ಅದು ಹೊಳೆಯಲಿಲ್ಲವಲ್ಲ ಎಂಬ ನಾಚಿಕೆ ಇವತ್ತಿಗೂ ಹೋಗಿಲ್ಲ.

ಅದೇ ಮಾಲೂರಿನಲ್ಲಿ ಒಬ್ಬ ಇನ್‌ಸ್ಪೆಕ್ಟರು ತನಿಖೆಗೆ ಬಂದರು. ಮರದ ಕೆಳಗೆ ಕೂತವರನ್ನು ನೋಡಿ, "ಇವರಿಗೇನು?" ಎಂದರು. ನಮ್ಮ ಹೆಡ್‌ಮಿಸ್ಸು ವಯಸ್ಸಾದವರು, ರೆಪ್ಪೆ ಹೊಡೆಯದೆ, "ಜ್ವರ ಸಾರ್" ಎಂದರು. "ಇಷ್ಟು ಜನಕ್ಕೂ?" "ಹೌದು ಸಾರ್, ಬಂದು ಬಂದು ಹೋಗುತ್ತೆ." ಅವರು ಗಂಭೀರವಾಗಿ ತಲೆಯಾಡಿಸಿ ಪುಸ್ತಕದಲ್ಲಿ ಬರೆದುಕೊಂಡು ಹೋದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ತಿಂಗಳೊಳಗೆ ಸ್ಕೂಲಿಗೆ ಒಂದು ಡಬ್ಬಿ ಕ್ವಿನೈನ್ ಮಾತ್ರೆ ಬಂತು, ಡ್ರಿಲ್ ವೇಳೆಯಲ್ಲಿ ಕೂರುವ ಪ್ರತಿ ಹುಡುಗಿಗೂ ಒಂದೊಂದು ಕೊಡತಕ್ಕದ್ದು ಎಂಬ ಹುಕುಮಿನ ಜೊತೆಗೆ.

ಹುಡುಗಿಯರು ಆ ಮಾತ್ರೆ ನುಂಗಿದರು. ನಿಜ ಹೇಳುವುದಕ್ಕಿಂತ ಕಹಿಯೇ ಅವರಿಗೆ ಸುಲಭವಾಗಿತ್ತು. ನಾನು ಸಿಟ್ಟಿನಿಂದ ಹೆಡ್‌ಮಿಸ್ಸಿನ ಹತ್ತಿರ ಹೋಗಿ, "ಇದೇನು ಅನ್ಯಾಯ, ನಿಜ ಹೇಳಿಬಿಡಬಾರದಾ?" ಎಂದು ಕೇಳಿದೆ. ಅವರು ಕನ್ನಡಕ ಒರೆಸುತ್ತಾ, "ನಿಜ ಹೇಳಿದ್ರೆ ನಾಳೆಯಿಂದ ದೊಡ್ಡವರಾದ ಹುಡುಗೀರನ್ನ ಸ್ಕೂಲಿಗೇ ಕಳಿಸಬೇಡಿ ಅಂತ ಯಾರಾದರೂ ಬರೀತಾರೆ. ಜ್ವರ ಅಂದ್ರೆ ಮಾತ್ರೆಯಲ್ಲಿ ಮುಗೀತದೆ. ಸುಮ್ನಿರು ಕಣಮ್ಮ" ಎಂದರು. ಅವರನ್ನು ಹೇಡಿ ಎಂದುಕೊಂಡೆ. ಆ ಮಾತಿನ ತೂಕ ನನಗೆ ಗೊತ್ತಾಗುವುದಕ್ಕೆ ಎಂಟು ವರ್ಷ ಬೇಕಾಯಿತು.

ಪುಟ್ಟಕ್ಕನ ಪ್ರಸಂಗವಾದ ಮೇಲೆ ನಾನು ಪಟ್ಟಿ ಹೊಲಿಯಲು ಕೂತೆ. ಮಂಚಕ್ಕೆ ಹೆಣೆಯುವ ನವಾರು ನಿಮಗೆ ಗೊತ್ತಲ್ಲ, ದಪ್ಪ ಹತ್ತಿಯ ಪಟ್ಟಿ. ಅದನ್ನು ಉದ್ದಕ್ಕೆ ಸೀಳಿ, ಅಂಚು ಮಡಚಿ ಹೊಲಿದು, ಸೊಂಟಕ್ಕೆ ಬರುವಷ್ಟು ಅಳತೆ ಮಾಡಿದೆ. ಮುಂದೊಂದು ಹಿಂದೊಂದು ಕುಣಿಕೆ, ಎರಡು ಗುಂಡಿ. ಮಡಚಿದ ಬಟ್ಟೆಯ ಎರಡೂ ತುದಿಯನ್ನು ಕುಣಿಕೆಯಲ್ಲಿ ತೂರಿಸಿ ಗುಂಡಿ ಹಾಕಿದರೆ ಕುಣಿದರೂ ಓಡಿದರೂ ಜಾರುವುದಿಲ್ಲ. ಮೊದಲು ನಾನೇ ಕಟ್ಟಿಕೊಂಡು ಬೆಳಗ್ಗೆ ಯಾರೂ ಬರುವ ಮುಂಚೆ ಬಯಲನ್ನು ಆರು ಸುತ್ತು ಓಡಿದೆ. ಆರನೇ ಸುತ್ತಿಗೆ ಒಬ್ಬಳೇ ನಗಲು ಶುರು ಮಾಡಿದೆ. ಹನ್ನೆರಡನೇ ವಯಸ್ಸಿನಿಂದ ಆ ದಿನಗಳಲ್ಲಿ ನಾನು ಓಡಿದ್ದೇ ಇರಲಿಲ್ಲ.

ಹುಡುಗಿಯರು ಅದಕ್ಕೆ ಜೀನು ಎಂದು ಹೆಸರಿಟ್ಟರು. ಜಟಕಾ ಕುದುರೆಗೆ ಕಟ್ಟುವಂತಿದೆಯಂತೆ. "ಅಮ್ಮೋರೇ, ನಂಗೂ ಒಂದು ಜೀನು ಹೊಲ್ಕೊಡಿ" ಎಂದು ಒಬ್ಬಳು ಕಿವಿಯಲ್ಲಿ ಹೇಳಿದರೆ ಇನ್ನೊಬ್ಬಳು, "ಲಗಾಮು ಬ್ಯಾಡ್ವಾ ನಿಂಗೆ?" ಎಂದು ಕಾಲೆಳೆಯುವಳು. ಹುಣಸೆಮರದ ನೆರಳು ನಿಧಾನವಾಗಿ ಖಾಲಿಯಾಯಿತು. ಕ್ವಿನೈನ್ ಡಬ್ಬಿಯಲ್ಲಿ ಮಾತ್ರೆ ಉಳಿಯತೊಡಗಿತು. ನನ್ನ ಇಡೀ ನೌಕರಿಯಲ್ಲಿ ಸಂತೋಷ ಎಂದು ಹೇಳಬಹುದಾದ ಕಾಲ ಅದೊಂದೇ.

ಅಲ್ಲಿಂದ ಶ್ರೀನಿವಾಸಪುರಕ್ಕೆ ವರ್ಗವಾಯಿತು. ಅಲ್ಲಿ ನನ್ನ ಪಾಠಕ್ಕೆ ಇನ್ನೊಂದು ಮಾತು ಸೇರಿತು. ಆರನೇ ಕ್ಲಾಸಿನ ಒಬ್ಬ ಹುಡುಗಿ ನಡೆಯಲಾರದೆ ಕಾಲು ಅಗಲಿಸಿ ಬರುತ್ತಿದ್ದಳು. ತೊಡೆಯ ಸಂದಿಯಲ್ಲಿ ಹುಣ್ಣಾಗಿ ಕೀವು ತುಂಬಿತ್ತು. ಯಾರಿಗೂ ಕಾಣಬಾರದೆಂದು ಆ ಬಟ್ಟೆಯನ್ನು ರಾಗಿ ಮೂಟೆಯ ಹಿಂದೆ ಕತ್ತಲಲ್ಲಿ ಒಣಗಿಸುತ್ತಿದ್ದಳು. ಅದು ಎಂದೂ ಪೂರ್ತಿ ಒಣಗುತ್ತಿರಲಿಲ್ಲ. ಆ ಒದ್ದೆಯನ್ನೇ ಮತ್ತೆ ಕಟ್ಟಿಕೊಳ್ಳುತ್ತಿದ್ದಳು. ಕೋಲಾರದ ಒಬ್ಬ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಮುಲಾಮು ಕೊಟ್ಟು, "ಇದಕ್ಕೆ ನಿಜವಾದ ಔಷಧಿ ಬಿಸಿಲು. ಬಟ್ಟೆಯನ್ನ ಬಿಸಿಲಲ್ಲಿ ಒಣಗಿಸೋಕೆ ಹೇಳಿ" ಎಂದರು.

ಅಂದಿನಿಂದ ನಾನು ಹೋದಲ್ಲೆಲ್ಲ ಬಿಸಿಲಿನ ಹರಿಕಥೆ ಮಾಡಿದೆ. ಏಳನೇ ಕ್ಲಾಸಿನ ಹುಡುಗಿಯರನ್ನು ಒಳಗೆ ಕೂರಿಸಿ, ಬಾಗಿಲು ಹಾಕಿ, "ಒಗೀರಿ, ಬಿಸಿಲಿಗೆ ಹಾಕಿ, ಯಾರಿಗೂ ಹೆದರಬೇಡಿ" ಎಂದು ಹೇಳುತ್ತಿದ್ದೆ. ಯಾರಿಗೂ ಹೆದರಬೇಡಿ ಎಂದರೆ ಸಾಕೇ, ಎಲ್ಲಿ ಒಣಗಿಸಬೇಕು? ಒಂದೊಂದು ಮನೆಗೂ ಒಂದೇ ಅಂಗಳ, ಆ ಅಂಗಳದಲ್ಲಿ ಅತ್ತೆ, ಮಾವ, ಚಿಕ್ಕಪ್ಪ, ಎತ್ತು, ಕೋಳಿ. ಅದನ್ನು ನಾನು ಯೋಚಿಸಲಿಲ್ಲ. ಹೇಳುವವಳಿಗೆ ಬಾಗಿಲು ಹಾಕಿದ ಕ್ಲಾಸು ಇತ್ತು, ಕೇಳುವವರು ಬಾಗಿಲಿಲ್ಲದ ಮನೆಗೆ ಹೋಗಬೇಕಿತ್ತು.

ಮುಳಬಾಗಿಲಿಗೆ ನಾನು ಬಂದದ್ದು ಯುದ್ಧದ ಕಾಲದಲ್ಲಿ. ಪ್ಯಾರಾಚೂಟಿಗೆ ಬೇಕೆಂದು ರೇಷ್ಮೆಗೆ ಎಲ್ಲಿಲ್ಲದ ಗಿರಾಕಿ. ಊರಿನ ಅಂಚಿನ ಪ್ರತಿ ಮನೆಯೂ ಹುಳದ ಮನೆ. ಅಲ್ಲಿನ ಸ್ಕೂಲಿನಲ್ಲಿ ರತ್ನ ಇದ್ದಳು. ಏಳನೇ ಕ್ಲಾಸು, ಎಣ್ಣೆ ಹಾಕಿ ಬಿಗಿದ ಎರಡು ಜಡೆ, ಉದ್ದ ಕಾಲು. ಖೋ ಖೋದಲ್ಲಿ ಅವಳನ್ನು ಮುಟ್ಟಲು ಒಬ್ಬರಿಂದಲೂ ಆಗುತ್ತಿರಲಿಲ್ಲ. ಎದುರಾಳಿ ಕೈ ಚಾಚಿದಾಗ ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ತಪ್ಪಿಸಿಕೊಂಡು, ಆಮೇಲೆ ತಿರುಗಿ ನೋಡಿ ನಾಲಗೆ ಕಚ್ಚಿಕೊಳ್ಳುವಳು, ತಾನೇ ಏನೋ ತಪ್ಪು ಮಾಡಿದವಳಂತೆ. ಅಷ್ಟು ವರ್ಷದಲ್ಲಿ ನನಗೆ ಸಿಕ್ಕ ನಿಜವಾದ ಆಟಗಾರ್ತಿ ಅವಳೊಬ್ಬಳೇ.

ಒಂದು ಸಂಜೆ ಅವಳ ತಾಯಿ ಚಿನ್ನಮ್ಮ ಮಡಿಲಲ್ಲಿ ಅವರೆಕಾಯಿ ತುಂಬಿಕೊಂಡು ನನ್ನ ಬಿಡಾರಕ್ಕೆ ಬಂದಳು. ಕಾಯಿ ಸುರಿದು ಬಾಗಿಲ ಮರೆಯಲ್ಲಿ ನಿಂತಳು.

"ರತ್ನ ದೊಡ್ಡೋಳಾಗಿ ಆರು ತಿಂಗಳಾಯ್ತು ಅಮ್ಮೋರೇ," ಎಂದಳು. "ನಂಗೂ ಅವ್ಳಿಗೂ ಬಿಟ್ರೆ ಯಾರಿಗೂ ಗೊತ್ತಿಲ್ಲ. ನಮ್ಮತ್ತೆಗೆ ಗೊತ್ತಾದ್ರೆ ನಾಳೇನೇ ಇಸ್ಕೂಲು ಬಿಡಿಸ್ತಾರೆ. ತಾಯಲೂರಾಗೆ ನಮ್ಮ ನಾದಿನಿ ಮಗ ಕಾದು ಕೂತವ್ನೆ. ಅವ್ಳು ಏಳನೇ ಕ್ಲಾಸು ಮುಗಿಸ್ಲಿ ಅಂತ ನಂಗೆ ಆಸೆ. ನಂಗಂತೂ ಅಕ್ಷರ ಬರ್ಲಿಲ್ಲ."

"ಮತ್ತೆ ಮನೆಯಲ್ಲಿ ಆ ಮೂರು ದಿನ ಏನು ಮಾಡ್ತೀರಿ?"

ಚಿನ್ನಮ್ಮ ಬೀದಿ ಕಡೆ ನೋಡಿ ದನಿ ತಗ್ಗಿಸಿದಳು. ಮುಟ್ಟಾದವರು ಹುಳದ ಮನೆಯ ಹೊಸಿಲು ದಾಟುವಂತಿಲ್ಲ, ದಾಟಿದರೆ ಹುಳ ಕೆಡುತ್ತದೆ ಎಂಬುದು ಆ ಸೀಮೆಯ ಗಟ್ಟಿ ನಂಬಿಕೆ. ರತ್ನ ದಿನಾ ಬೆಳಗ್ಗೆ ಹುಳಕ್ಕೆ ಸೊಪ್ಪು ಹಾಕುವವಳು. ತಿಂಗಳಲ್ಲಿ ಮೂರು ದಿನ ಹಾಕದಿದ್ದರೆ ಅಜ್ಜಿಗೆ ಗೊತ್ತಾಗಿಬಿಡುತ್ತದೆ. "ಅದ್ಕೇ ಕಳಿಸ್ತೀನಿ. ಕಳಿಸ್ದಾಗೆಲ್ಲ ಜೀವ ಹೊಡ್ಕೊಳ್ತದೆ. ಮೂರು ಬೆಳೆ ಬಂತು ಅಮ್ಮೋರೇ, ಹುಳಕ್ಕೆ ಏನೂ ಆಗ್ಲಿಲ್ಲ. ದೇವ್ರು ಕಣ್ಣು ಮುಚ್ಕೊಂಡವ್ನೆ." ಆಮೇಲೆ ಬಂದ ವಿಷಯ ಹೇಳಿದಳು. "ನೀವು ಏನೋ ಪಟ್ಟಿ ಹೊಲೀತೀರಂತೆ. ಒಂದು ಚುಕ್ಕೆ ಎಲ್ಲೂ ಕಾಣಬಾರ್ದು. ನನ್ನ ಮಗಳಿಗೆ ಒಂದು ಹೊಲ್ಕೊಡಿ."

ಆ ರಾತ್ರಿಯೇ ಹೊಲಿದು ಮಾರನೆಯ ದಿನ ರತ್ನಳ ಕೈಗೆ ಕೊಟ್ಟೆ. ಕೊಡುವಾಗ ನನ್ನ ಹರಿಕಥೆಯನ್ನೂ ಹೇಳಿದೆ. ಬಿಸಿಲಿಗೆ ಹಾಕು, ಕತ್ತಲಲ್ಲಿ ಒಣಗಿಸಬೇಡ.

ಚಂದ್ರಿಕೆ ನೋಡದವರಿಗೆ ಹೇಳಬೇಕು. ಆಳೆತ್ತರದ ಬಿದಿರಿನ ತಟ್ಟಿ ಅದು, ಒಂದು ಮುಖಕ್ಕೆ ಸುರುಳಿ ಸುರುಳಿಯಾಗಿ ಬಿದಿರಿನ ಪಟ್ಟಿ ಹೆಣೆದಿರುತ್ತಾರೆ. ಹಣ್ಣಾದ ಹುಳವನ್ನು ಅದರ ಮೇಲೆ ಬಿಟ್ಟರೆ ಅಲ್ಲೇ ಗೂಡು ಕಟ್ಟುತ್ತದೆ. ಬೆಳೆ ಮುಗಿದ ಮೇಲೆ ಚಂದ್ರಿಕೆಗಳನ್ನು ತೊಳೆದು ಬಿಸಿಲಿಗೆ ಸಾಲಾಗಿ ನಿಲ್ಲಿಸುತ್ತಾರೆ. ರತ್ನಳ ಮನೆಯಲ್ಲಿ ಅವು ನಿಲ್ಲುತ್ತಿದ್ದುದು ಮುಖ ಅಂಗಳಕ್ಕೆ, ಬೆನ್ನು ಸೊಪ್ಪಿನ ತೋಟಕ್ಕೆ. ಮಧ್ಯಾಹ್ನದ ಮೇಲೆ ಬಿಸಿಲು ಆ ಬೆನ್ನಿಗೆ ಬೀಳುತ್ತಿತ್ತು. ಅಂಗಳದಿಂದ ನೋಡಿದವರಿಗೆ ಏನೂ ಕಾಣುವುದಿಲ್ಲ. ಪಾಪ, ಆ ಮಗು ಎಷ್ಟು ಬುದ್ಧಿ ಓಡಿಸಿತ್ತೋ. ಸಾಲಿನ ಕೊನೆಯ ಚಂದ್ರಿಕೆಯ ಬೆನ್ನಿಗೆ ಬಟ್ಟೆಯನ್ನೂ ನನ್ನ ಪಟ್ಟಿಯನ್ನೂ ಕಟ್ಟಿ ಒಣಗಿಸುತ್ತಿದ್ದಳು. ಇಡೀ ಮುಳಬಾಗಿಲಿನಲ್ಲಿ ನನ್ನ ಮಾತನ್ನು ಅಕ್ಷರಶಃ ಪಾಲಿಸಿದವಳು ಅವಳೊಬ್ಬಳೇ.

ಕೋಲಾರದಲ್ಲಿ ಸುತ್ತಲಿನ ಊರುಗಳ ಹೆಣ್ಣುಮಕ್ಕಳ ಸ್ಕೂಲುಗಳಿಗೆ ಪಂದ್ಯ ಇಟ್ಟಿದ್ದರು. ನಮ್ಮ ಖೋ ಖೋ ತಂಡ ಹೊರಡುವುದಕ್ಕೆ ಎರಡು ದಿನ ಇತ್ತು. ಆ ದಿನ ಮಧ್ಯಾಹ್ನ ಮಕ್ಕಳನ್ನು ಬಯಲಲ್ಲಿ ಓಡಿಸುತ್ತಿದ್ದೆ. ಗೇಟಿನಿಂದ ಒಬ್ಬ ಮುದುಕಿ ಬಂದಳು. ಕೈಯಲ್ಲಿ ಒಂದು ಬರಲು ಕಡ್ಡಿ, ಕಡ್ಡಿಯ ತುದಿಯಲ್ಲಿ ನನ್ನ ನವಾರಿನ ಪಟ್ಟಿ. ರತ್ನ ನಿಂತಲ್ಲೇ ನಿಂತಳು. ಅದು ಅವಳ ಅಜ್ಜಿ, ಆ ಕಡೆಯವರು ಅವ್ವ ಎನ್ನುತ್ತಾರೆ.

"ಏಮಮ್ಮಾ ಪೀಪಿ ಅಮ್ಮೋರೇ, ಇದು ನಿಂದಾ?"

ಅಲ್ಲಿನ ಹೆಡ್‌ಮಿಸ್ಸು ಆಫೀಸಿನಿಂದ ಓಡಿ ಬಂದರು. ಮಕ್ಕಳೆಲ್ಲ ಸುತ್ತ ನಿಂತರು. ನಾನು ಹೌದು ಎಂದೆ.

"ಚಂದ್ರಿಕೆ ಬೆನ್ನಾಗೆ ಕಟ್ಟಿತ್ತಮ್ಮಾ," ಅಂದಳು ಅವ್ವ. ನಾನು ಎಣಿಸಿದಂತೆ ಅವಳು ಕೂಗಾಡಲಿಲ್ಲ. ದನಿ ಒಡೆದಿತ್ತು. "ನಾಲ್ಕನೇ ಜ್ವರ ಎದ್ದು ಪೊರೆ ಬಿಟ್ಟಿದ್ದ ಹುಳ. ಇನ್ನೆರಡು ದಿನಕ್ಕೆ ಗೂಡು ಕಟ್ಟಬೇಕಿತ್ತು. ನಿನ್ನೆಯಿಂದ ಒಂದೊಂದೇ ಒಡ್ದು ಹಾಲು ಸೋರಿ ಸಾಯ್ತಾ ಐತೆ. ಚಂದ್ರಿಕೆ ತರೋಣ ಅಂತ ಹೋದ್ರೆ ಇದು. ಉಣ್ಣಕ್ಕೆ ಬಂದಾಗ ಕೇಳಿದ್ರೆ ಈ ಪಿಲ್ಲ ಬಾಯಿ ಬಿಡ್ಲಿಲ್ಲ. ನೀನೇ ಹೇಳು. ಈಗ ದೊಡ್ಡೋಳಾದ್ಲಾ? ನಿನ್ನೇನಾ, ಮೊನ್ನೇನಾ?"

ಅವಳೇ ಮುಂದುವರಿಸಿದಳು. "ಮಗು, ಹೊಸ್ದು, ತಿಳೀಲಿಲ್ಲ ಅನ್ಕೊಳ್ಳೋಣ. ಮನೆ ತೊಳ್ಸಿ, ದೊಡ್ಡೋಳಾದ್ಲು ಅಂತ ಆರತಿ ಎತ್ತಿ ಒಸಗೆ ಮಾಡ್ತೀನಿ. ಪರೀಕ್ಷೆವರ್ಗೂ ಹೋಗ್ಲಿ ಅಂತ ಅವ್ರಪ್ಪ ಬೇಡ್ಕೊತಾ ಅವ್ನೆ. ನಾನೇನು ರಾಕ್ಷಸೀನಾ? ಹೇಳಮ್ಮಾ, ನಿನ್ನೆ ಮೊನ್ನೆ ತಾನೇ?"

ಗಮನಿಸಿ, ಆ ಮುದುಕಿ ನನ್ನ ಬಾಯಿಗೇ ಉತ್ತರ ಇಟ್ಟುಕೊಟ್ಟಿದ್ದಳು. ನಾನು "ಹೂಂ ಅಜ್ಜಿ, ಮೊನ್ನೆ" ಎಂದಿದ್ದರೆ ಸಾಕಾಗಿತ್ತು. ರತ್ನ ನನ್ನನ್ನೇ ನೋಡುತ್ತಾ, ಹೇಳಬೇಡಿ ಎಂಬಂತೆ ತಲೆಯನ್ನು ತುಸುವೇ ಅಲ್ಲಾಡಿಸಿದಳು. ಹೆಡ್‌ಮಿಸ್ಸು ಹಿಂದಿನಿಂದ ನನ್ನ ಸೆರಗು ಎಳೆದರು. ನನಗೆ ಮಾತ್ರ ಸತ್ತ ಹುಳಗಳ ಪಾಪ ಒಂದು ಹುಡುಗಿಯ ತಲೆಗೆ ಬರುವುದನ್ನು ನೋಡಿ ಸಹಿಸಲಾಗಲಿಲ್ಲ. ಅದಕ್ಕಿಂತ ಹೆಚ್ಚಾಗಿ, ನನ್ನ ಹತ್ತಿರ ಒಂದು ಒಳ್ಳೆಯ ವಾದ ಇತ್ತು. ಅದನ್ನು ಬಿಡಲು ಮನಸ್ಸಾಗಲಿಲ್ಲ.

"ಅಜ್ಜಿ, ಹುಳ ಸತ್ತಿದ್ದು ರೋಗದಿಂದ," ಎಂದೆ, ಕ್ಲಾಸಿನಲ್ಲಿ ಪಾಠ ಹೇಳುವ ದನಿಯಲ್ಲಿ. "ಮುಟ್ಟಿಗೂ ಅದಕ್ಕೂ ಸಂಬಂಧವೇ ಇಲ್ಲ. ಬೇಕಾದರೆ ಲೆಕ್ಕ ಹಾಕಿ ನೋಡಿ. ನಿಮ್ಮ ಮೊಮ್ಮಗಳು ದೊಡ್ಡವಳಾಗಿ ಎಂಟು ತಿಂಗಳಾಯ್ತು. ಆ ದಿನಗಳಲ್ಲೂ ಹುಳದ ಮನೆಗೆ ಬಂದು ಸೊಪ್ಪು ಹಾಕಿದಾಳೆ. ಮೂರು ಬೆಳೆ ಚೆನ್ನಾಗಿ ಬಂತಲ್ಲ? ಆಗ ಯಾಕೆ ಸಾಯಲಿಲ್ಲ?"

ಗೆದ್ದೆ ಎಂದುಕೊಂಡೆ. ಒಂದು ಕ್ಷಣ ನಿಜವಾಗಿಯೂ ಹಾಗೆಂದುಕೊಂಡೆ.

ಅವ್ವ ಕಡ್ಡಿಯನ್ನು ಕೆಳಗಿಟ್ಟು ಬೆರಳು ಮಡಚಿ ಎಣಿಸಿದಳು. "ಎಂಟು ತಿಂಗಳು," ಅಂದಳು. ಆ ಹೊತ್ತಿಗೆ ಚಿನ್ನಮ್ಮ ಗೇಟಿನ ಹತ್ತಿರ ಓಡಿ ಬಂದು ನಿಂತಿದ್ದಳು. ಅವ್ವ ನಿಧಾನವಾಗಿ ಅವಳ ಕಡೆ ತಿರುಗಿದಳು. "ನಿಂಗೆ ಗೊತ್ತಿತ್ತಾ?"

ಚಿನ್ನಮ್ಮ ಅತ್ತೆಯನ್ನು ನೋಡಲಿಲ್ಲ. ನನ್ನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟು ಇದ್ದಿದ್ದರೆ ಇಷ್ಟು ವರ್ಷದಲ್ಲಿ ಮರೆಯುತ್ತಿದ್ದೆನೋ ಏನೋ. ಇಂಥವಳನ್ನು ನಂಬಿ ಬಾಯಿಬಿಟ್ಟೆನಲ್ಲ ಎಂಬ ಆಶ್ಚರ್ಯ ಮಾತ್ರ ಅದರಲ್ಲಿತ್ತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಡುವ ಮುಂಚೆ ಆ ಗಾದೆ ಯಾರಿಗೆ ನೆನಪಾಗುತ್ತದೆ? ಅವ್ವ ರತ್ನಳ ರಟ್ಟೆ ಹಿಡಿದು ಕರೆದುಕೊಂಡು ಹೋದಳು. ಗೇಟು ದಾಟುವಾಗ ರತ್ನ ಒಂದು ಸಲವೂ ತಿರುಗಿ ನೋಡಲಿಲ್ಲ. ಅವಳ ಸ್ಲೇಟೂ ಪುಸ್ತಕದ ಚೀಲವೂ ಕ್ಲಾಸಿನಲ್ಲೇ ಉಳಿದವು. ಆಯಾ ಅವನ್ನು ಮನೆಗೆ ತಲುಪಿಸಲು ಹೋದಾಗ ಇನ್ನು ಅವು ಬೇಡವಂತೆ ಎಂದು ವಾಪಸು ತಂದಳು.

ಎರಡು ದಿನ ಕಳೆದು ತಂಡವನ್ನು ಕೋಲಾರಕ್ಕೆ ಕರೆದುಕೊಂಡು ಹೋದೆ. ಹೋಗದೆ ಇರಬಹುದಿತ್ತು. ರತ್ನಳ ಜಾಗಕ್ಕೆ ಆರನೇ ಕ್ಲಾಸಿನ ಒಬ್ಬಳನ್ನು ಸೇರಿಸಿಕೊಂಡೆ. ಪಂದ್ಯದ ದಿನ ಬೆಳಗ್ಗೆ ನಮ್ಮವರಲ್ಲಿ ಇಬ್ಬರು ಬಂದು, "ಹೊಟ್ಟೆನೋವು ಅಮ್ಮೋರೇ" ಎಂದರು. ಅವರಿಬ್ಬರಿಗೂ ಪಟ್ಟಿ ಹೊಲಿದುಕೊಟ್ಟಿದ್ದೆ. ಎಲ್ಲಿ ಎಂದು ಕೇಳಿದೆ. ಇಬ್ಬರೂ ನೆಲ ನೋಡಿದರು. ಹೋಗಿ ಮರದ ಕೆಳಗೆ ಕೂರಿ ಎಂದೆ. ಆಳು ಸಾಲದೆ ಆಡಿ ಸೋತೆವು, ಸೋತೆವೆಂದು ಯಾರಿಗೂ ಅನ್ನಿಸಲೂ ಇಲ್ಲ. ಊರಿಗೆ ಬಂದ ಮೇಲೆ ಒಂದೊಂದು ದಿನ ಒಂದೊಂದು ಕಾಗದದ ಪೊಟ್ಟಣ ನನ್ನ ಮೇಜಿನ ಮೇಲೆ ಇರುತ್ತಿತ್ತು. ಯಾರು ಇಟ್ಟರೆಂದು ಕಾಣದಂತೆ ಇಟ್ಟು ಹೋಗುತ್ತಿದ್ದರು. ಹನ್ನೊಂದು ಪಟ್ಟಿ ವಾಪಸು ಬಂದವು, ಒಗೆದು, ಒಣಗಿಸಿ, ಮಡಚಿ. ಡಂಬೆಲ್ ಪೆಟ್ಟಿಗೆಯ ತಳಕ್ಕೆ ಹಾಕಿದೆ. ಮತ್ತೆ ನಾನು ಒಂದನ್ನೂ ಹೊಲಿಯಲಿಲ್ಲ.

ತಿಂಗಳಾದ ಮೇಲೆ ರೇಷ್ಮೆ ಇಲಾಖೆಯವರೊಬ್ಬರು ಸಿಕ್ಕಿದ್ದರು. ರತ್ನಳ ಬೀದಿಯಲ್ಲಿ ಇನ್ನೂ ನಾಲ್ಕು ಮನೆಯ ಹುಳ ಅದೇ ವಾರ ಹಾಲುತೊಂಡೆ ರೋಗದಿಂದ ಹೋಗಿತ್ತು ಎಂದರು. ಅದರಲ್ಲಿ ಎರಡು ಮನೆಯಲ್ಲಿ ಮುಟ್ಟಾಗುವ ವಯಸ್ಸಿನ ಹೆಂಗಸರೇ ಇರಲಿಲ್ಲ. ಆ ಮಾತನ್ನು ಕಟ್ಟಿಕೊಂಡು ಚಿನ್ನಮ್ಮನ ಮನೆಗೆ ಹೋದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅಷ್ಟು ಹೊತ್ತಿಗೆ ರತ್ನಳ ಮದುವೆ ಮುಗಿದು ಅವಳು ತಾಯಲೂರಿಗೆ ಹೋಗಿಯಾಗಿತ್ತು. ಚಿನ್ನಮ್ಮನನ್ನು ಹುಳದ ಮನೆಗೆ ಯಾವ ದಿನವೂ ಸೇರಿಸುತ್ತಿರಲಿಲ್ಲ. ಅವಳ ಬಾಯಲ್ಲಿ 'ಇವತ್ತು ಶುದ್ಧ' ಎಂಬ ಮಾತನ್ನು ಆ ಮನೆಯಲ್ಲಿ ಯಾರೂ ನಂಬುತ್ತಿರಲಿಲ್ಲ. ಅವಳು ಅರ್ಧ ಬಾಗಿಲು ತೆರೆದು ನನ್ನ ಮಾತನ್ನೆಲ್ಲ ಕೇಳಿಸಿಕೊಂಡಳು.

"ನೀವು ಅವತ್ತು ಹೇಳಿದ್ದೂ ನಿಜಾನೇ, ಇವತ್ತು ಹೇಳಿದ್ದೂ ನಿಜಾನೇ," ಅಂದಳು. "ನಿಮ್ಮ ನಿಜ ನಿಮ್ಮತ್ರಾನೇ ಇಟ್ಕೊಳ್ಳಿ ಅಮ್ಮೋರೇ. ನಂಗೆ ಇದ್ದದ್ದು ಒಂದು ಸುಳ್ಳು. ಅದನ್ನ ಕಿತ್ಕೊಂಡ್ರಿ."

ಮಾಲೂರಿನ ಹೆಡ್‌ಮಿಸ್ಸು ಅವತ್ತು ನನಗೆ ನೆನಪಾದರು. ಅವರ ಜ್ವರದ ಸುಳ್ಳಿನ ಕೆಳಗೆ ಎಷ್ಟು ಹುಡುಗಿಯರು ನೆರಳು ಪಡೆದಿದ್ದರೋ. ಹಾಗೆಂದು ಸುಳ್ಳೇ ಸರಿ ಎಂದು ನಿಮಗೆ ಹೇಳಲಾರೆ. ಅಂಥ ಸುಳ್ಳು, ಮುಚ್ಚುಮರೆಗಳಿಂದ ಮಕ್ಕಳು ಕ್ವಿನೈನ್ ನುಂಗಿದರು, ಹುಣ್ಣಾಗಿಸಿಕೊಂಡರು, ಬಯಲಿನ ನಡುವೆ ಕುಕ್ಕುರುಗಾಲಲ್ಲಿ ಕೂತರು. ನಿಜದಿಂದ ಏನಾಯಿತು ಎಂದು ಈಗ ತಾನೇ ಹೇಳಿದೆ. ಎರಡರ ನಡುವೆ ಒಂದು ದಾರಿ ಇರಬಹುದು. ನಾನು ಹುಡುಕಿದೆ, ನನಗೆ ಸಿಗಲಿಲ್ಲ. ನಿಮಗೆ ಇಷ್ಟೇ ಹೇಳಬಲ್ಲೆ. ವಾದ ಗೆಲ್ಲುವ ಮುಂಚೆ, ಆ ವಾದದೊಳಗೆ ಯಾರ ಗುಟ್ಟು ಇದೆ ಎಂದು ನೋಡಿಕೊಳ್ಳಿ.

ಯುದ್ಧ ಮುಗಿದು ಎರಡು ಮೂರು ವರ್ಷವಾಗಿರಬೇಕು. ನಾನು ಕೋಲಾರದಲ್ಲಿದ್ದೆ. ಒಂದು ಕೆಲಸದ ಮೇಲೆ ತಾಯಲೂರಿನ ಕಡೆ ಹೋಗುವ ಬಸ್ಸಿನಲ್ಲಿ ಕೂತಿದ್ದೆ. ಪೆಟ್ರೋಲ್ ಸಿಗದ ಕಾಲದ ಇದ್ದಿಲು ಬಸ್ಸುಗಳು ಇನ್ನೂ ಒಂದೆರಡು ಉಳಿದಿದ್ದವು. ಊರಿನ ಹೊರಗೆ ಬಸ್ಸು ಉಸಿರು ಕಟ್ಟಿ ನಿಂತಿತು. ಕ್ಲೀನರು ಇಳಿದು ಹಿಂದಿನ ಒಲೆಯ ಗಾಳಿಚಕ್ರ ತಿರುಗಿಸತೊಡಗಿದ. ಇಳಿದು ನೆರಳಿಗೆ ನಿಂತೆ. ತಲೆಯ ಮೇಲೆ ಗೊಬ್ಬರದ ಮಂಕರಿ ಹೊತ್ತ ಒಬ್ಬ ಹೆಂಗಸು ಹೊಲದ ಕಡೆಯಿಂದ ಬಂದು ನನ್ನ ಮುಂದೆ ನಿಂತಳು. ಹಿಂದೆ ಸೀರೆ ಹಿಡಿದುಕೊಂಡು ಒಂದು ಪುಟ್ಟ ಹೆಣ್ಣುಮಗು.

"ಪೀಪಿ ಎಲ್ಲಿ ಅಮ್ಮೋರೇ?"

ಉದ್ದ ಕಾಲು ನೋಡಿ ಗುರುತು ಹಿಡಿದೆ. ಮುಖದಿಂದ ಆಗುತ್ತಿರಲಿಲ್ಲ. "ಇಲ್ಲೂ ಹುಳ ಸಾಕ್ತೀರಾ?" ಎಂದೆ.

"ಸಾಕ್ತೀವಿ. ಆ ದಿನ ಮಾತ್ರ ನನ್ನನ್ನ ಹುಳದ ಮನೇಗೂ ಸೇರ್ಸಲ್ಲ, ಸೊಪ್ಪಿನ ತೋಟಕ್ಕೂ ಸೇರ್ಸಲ್ಲ. ಗೊಬ್ಬರ ಹೊರೋಕೆ ಅಡ್ಡಿ ಇಲ್ಲ." ಮಂಕರಿಯನ್ನು ಸರಿಮಾಡಿಕೊಂಡಳು. "ಇವತ್ತು ಎರಡನೇ ದಿನ."

"ರತ್ನ, ಅವತ್ತು ಹುಳ ಸತ್ತದ್ದು ರೋಗದಿಂದ ಕಣೇ. ನಿಮ್ಮ ಬೀದಿಯಲ್ಲಿ ಇನ್ನೂ ನಾಲ್ಕು ಮನೆ..."

"ಇರ್ಬೋದು ಅಮ್ಮೋರೇ," ಅಂದಳು, ಹಟ ಮಾಡುವ ಮಗುವಿಗೆ ಹೇಳುವಂತೆ. "ನಾನು ಇನ್ನು ಪರೀಕ್ಷೆ ಮಾಡಿ ನೋಡಲ್ಲ."

ನನ್ನಿಂದ ತಪ್ಪಾಯಿತು ಎಂದು ಹೇಳಿದೆ. ಎಷ್ಟೋ ವರ್ಷದಿಂದ ಕೂಡಿಸಿಟ್ಟ ಮಾತು, ಹೇಳಿದಾಗ ಒಂದು ಉಸಿರಿಗೂ ಸಾಲಲಿಲ್ಲ. ಅವಳು ಮಗುವಿನ ಮೂಗು ಒರೆಸಿದಳು. ಆಮೇಲೆ ನನ್ನನ್ನು ಸಮಾಧಾನ ಮಾಡುವವಳಂತೆ ಹೇಳಿದಳು, "ಪಟ್ಟಿ ಮಾತ್ರ ಚೆನ್ನಾಗಿ ಹೊಲಿದಿದ್ರಿ. ಅದನ್ನ ಅವ್ವ ಸುಟ್ಟಾಕ್ತು. ಅದೇ ಅಳತೇಲಿ ನಾನೇ ಒಂದು ಹೊಲ್ಕೊಂಡಿದೀನಿ. ಎಷ್ಟು ಭಾರ ಹೊತ್ರೂ ಜಾರಲ್ಲ."

ಓಡುವುದಕ್ಕೆಂದು ಹೊಲಿದದ್ದು ಅದು. ಅಭ್ಯಾಸಬಲದಿಂದ ಟೀಚರಿನಂತೆ ಕೇಳಿದೆ. "ಎಲ್ಲಿ ಒಣಗಿಸ್ತೀಯ?"

"ರಾಗಿ ಮೂಟೆ ಹಿಂದೆ, ಕತ್ಲಾಗೆ," ಅಂದಳು. "ಬಿಸ್ಲು ಬ್ಯಾಡ ಅಮ್ಮೋರೇ."

ಬಸ್ಸು ಹೊಗೆ ಕಾರಿ ಹೊರಟಿತು. ಕಿಟಕಿಯಿಂದ ನೋಡಿದೆ. ಮಂಕರಿ ಅಲುಗದಂತೆ ಬೆನ್ನು ನೆಟ್ಟಗೆ ಇಟ್ಟುಕೊಂಡು ಉದ್ದ ಉದ್ದ ಹೆಜ್ಜೆ ಹಾಕುತ್ತಾ ಬದುವಿನ ಮೇಲೆ ಹೋಗುತ್ತಿದ್ದಳು. ಹಿಂದೆ ಆ ಮಗು ಅವಳನ್ನು ಮುಟ್ಟಲು ಓಡುತ್ತಿತ್ತು.